ನಮ್ಮ ಹೆಜ್ಜಾಲದ ರೈಲು ನಿಲ್ದಾಣ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಹಕಾರ ಸಂಘದ ಹಬ್ಬದಲ್ಲಿ ರೈಲಿನ ಮಾತೇಕೆ ಅಂತ ನೀವು ಕೇಳಬಹುದು. ಸಂಘದ ಹಾಗೇನೇ ನಿಲ್ದಾಣವೂ ನಾವು ಬಳಸಿದರೆ ಬೆಳೆಯುತ್ತೆ, ಬಿಟ್ಟರೆ ಸೊರಗುತ್ತೆ. ಅದಕ್ಕೇ ಈ ನಾಲ್ಕು ಮಾತು.

ಕೆಂಗೇರಿಗೂ ಬಿಡದಿಗೂ ನಡುವೆ ಇರುವ ಸಣ್ಣ ನಿಲ್ದಾಣ ನಮ್ಮದು. ಬೆಂಗಳೂರಿನಿಂದ ಮೈಸೂರಿಗೆ 138 ಕಿಲೋಮೀಟರಿನ ಈ ಮಾರ್ಗ ಹುಟ್ಟಿದ್ದು ಕಷ್ಟಕಾಲದಲ್ಲಿ. 1876-78ರ ಭೀಕರ ಕ್ಷಾಮದಲ್ಲಿ ಹಸಿದ ಜನಕ್ಕೆ ಕೂಲಿ ಸಿಗಲೆಂದು ಇದರ ಕೆಲಸ ಹಿಡಿದರು. 1882ರಲ್ಲಿ ಮೈಸೂರಿನವರೆಗೆ ಗಾಡಿ ಓಡಿತು. ಆಗ ಮೀಟರ್ ಗೇಜ್. 1951ರಲ್ಲಿ ಮಾರ್ಗ ದಕ್ಷಿಣ ರೈಲ್ವೆಗೆ ಸೇರಿತು. 1990ರ ದಶಕದಲ್ಲಿ ಬ್ರಾಡ್ ಗೇಜ್ ಬಂತು. 2003ರಿಂದ ಇದು ಹುಬ್ಬಳ್ಳಿ ಕೇಂದ್ರವಾಗಿರುವ ನೈಋತ್ಯ ರೈಲ್ವೆಯಲ್ಲಿದೆ. ಈಗ ಜೋಡಿ ಹಳಿ, ಮೇಲೆ ವಿದ್ಯುತ್ ತಂತಿ.

ವಂದೇ ಭಾರತದಂಥ ವೇಗದ ಗಾಡಿಗಳು ನಮ್ಮನ್ನು ದಾಟಿ ಹೋಗುತ್ತವೆ. ನಮ್ಮ ಪಾಲಿನವು ಪ್ಯಾಸೆಂಜರ್, ಮೆಮು ಗಾಡಿಗಳು. ಕೂಲಿಗೆ ಹೋಗುವವರು, ಕಾಲೇಜಿನ ಮಕ್ಕಳು, ಆಸ್ಪತ್ರೆಗೆ ಹೊರಟ ವಯಸ್ಸಾದವರು, ಎಲ್ಲರಿಗೂ ಇವೇ ಆಸರೆ. ತಿಂಗಳ ಪಾಸು ಮಾಡಿಸಿಕೊಂಡರೆ ಬಸ್ಸಿಗಿಂತ ಎಷ್ಟೋ ಅಗ್ಗ.

ಇವು ಇಲ್ಲದಿದ್ದರೆ ಏನಾಗುತ್ತೆ ಅನ್ನೋದನ್ನ ಕೊರೋನಾ ಕಾಲದಲ್ಲಿ ಕಂಡೆವು. 2020ರ ಮಾರ್ಚಿಯಲ್ಲಿ ಗಾಡಿಗಳು ನಿಂತವು. ಮತ್ತೆ ಓಡಿದಾಗ ಕನಿಷ್ಠ ದರ ಹತ್ತರಿಂದ ಮೂವತ್ತು ರೂಪಾಯಿಗೆ ಏರಿತ್ತು. ಮತ್ತೆ ಹತ್ತಕ್ಕೆ ಇಳಿದದ್ದು 2024ರ ಫೆಬ್ರವರಿಯಲ್ಲಿ. ದಿನಗೂಲಿಯವನಿಗೆ ಆ ಇಪ್ಪತ್ತು ರೂಪಾಯಿ ಸಣ್ಣದಲ್ಲ.

ಇನ್ನು ಉಪನಗರ ರೈಲು. 148 ಕಿಲೋಮೀಟರಿನ ಯೋಜನೆಗೆ 2020ರಲ್ಲಿ ಒಪ್ಪಿಗೆ ಸಿಕ್ಕಿ, 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಆದರೆ ನಮ್ಮ ಕಡೆಗೆ ಬರುವ ಆ ಮಾರ್ಗ ಕೆಂಗೇರಿಯಲ್ಲೇ ಮುಗಿಯುತ್ತೆ. ಹಾಗಾಗಿ ಈಗಿರುವ ಗಾಡಿಗಳನ್ನೇ ನಾವು ಕಾಪಾಡಿಕೊಳ್ಳಬೇಕು.

ಕಾಪಾಡೋದು ಹೇಗೆ? ಟಿಕೆಟ್ಟಿನಿಂದ. ಒಂದು ಗಾಡಿಗೆ ಎಲ್ಲಿ ನಿಲುಗಡೆ ಕೊಡಬೇಕು ಅಂತ ನೋಡುವಾಗ ರೈಲ್ವೆಯವರು ಅಲ್ಲಿ ಮಾರಾಟವಾದ ಟಿಕೆಟ್ ಲೆಕ್ಕ ನೋಡುತ್ತಾರೆ. ಟಿಕೆಟ್ ಇಲ್ಲದೆ ಹತ್ತಿದ ನೂರು ಜನ ಆ ಲೆಕ್ಕದಲ್ಲಿ ಸೊನ್ನೆ. ಸಂಘಕ್ಕೆ ಹಾಲು ಹಾಕದೆ ಬೋನಸ್ ಕೇಳಿದ ಹಾಗೆ!

ಆದ್ದರಿಂದ ನನ್ನ ಬಿನ್ನಹ ಮೂರು. ಟಿಕೆಟ್ ತೆಗೆದುಕೊಂಡೇ ಹತ್ತಿ. ಗಾಡಿ ಬಂತು ಅಂತ ಹಳಿ ಹಾರಬೇಡಿ. ಬೆಳಗ್ಗೆ, ಸಂಜೆ ನಮಗೆ ಬೇಕಾದ ಗಾಡಿಗಳ ಬಗ್ಗೆ ಸಂಘದ ಪರವಾಗಿ ಎಲ್ಲರೂ ಸಹಿ ಹಾಕಿ ಒಂದು ಅರ್ಜಿ ಕೊಡೋಣ. ಒಬ್ಬರ ದನಿಗಿಂತ ಊರಿನ ದನಿ ದೊಡ್ಡದು. ಸಹಕಾರ ಅಂದರೆ ಅದೇ ಅಲ್ಲವೇ?