ಎಚ್ಚರ ತಪ್ಪಿದವರೂ ಆಸ್ಪತ್ರೆಯ ಎಚ್ಚರವೂ
(ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸು, ತೆರಿಗೆಗಳ ಬಗ್ಗೆ ನಾವು ಎಷ್ಟೋ ಸಭೆ ಮಾಡಿದ್ದೇವೆ. ಇವತ್ತಿನ ವಿಷಯ ಬೇರೆ. ಪಾಳಿಯಲ್ಲಿ ನಿಂತು ದುಡಿಯುತ್ತಿದ್ದವನು, ಅಂಗಡಿಯಲ್ಲಿ ತೂಗುತ್ತಿದ್ದವನು ಇದ್ದಕ್ಕಿದ್ದಂತೆ ಎಚ್ಚರ ತಪ್ಪಿ ಬೀಳುತ್ತಾನೆ. ನಾಲ್ಕು ಜನ ಹೊತ್ತು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಒಯ್ಯುತ್ತೀರಿ. ಅಲ್ಲಿ ಅವನಿಗೆ ಏನು ಸಲ್ಲಬೇಕು? ಏನು ಸಲ್ಲುತ್ತಿದೆ? ಇದನ್ನೇ ಕೇಳಲು ನಿಂತಿದ್ದೇನೆ.

ನಾನು ವೈದ್ಯನಲ್ಲ, ಮೆಟ್ರಿಕ್ಕಿನವರೆಗೆ ಓದಿ ಮೇಷ್ಟ್ರಾಗಿದ್ದವನು. ಆದರೆ ತಕ್ಕಡಿ ಸರಿಯಿದೆಯೇ ಎಂದು ನೋಡಲು ಗಿರಾಕಿ ತಕ್ಕಡಿ ಮಾಡುವವನೇ ಆಗಬೇಕಿಲ್ಲ. ಮುಳ್ಳು ಎಲ್ಲಿ ನಿಲ್ಲಬೇಕೆಂದು ತಿಳಿದಿದ್ದರೆ ಸಾಕು. ಆ ಮುಳ್ಳನ್ನು ತೋರಿಸುವುದಷ್ಟೇ ನನ್ನ ಕೆಲಸ.

ಮೊದಲು, ಬವಳಿ ಬಂದು ಬೀಳುವುದೆಂದರೇನು? ಮಿದುಳಿಗೆ ಸ್ವಲ್ಪ ಹೊತ್ತು ರಕ್ತ ಸಾಲದೆ ಹೋಗುವುದು. ಬಿದ್ದು ಮಲಗಿದೊಡನೆ ರಕ್ತ ಮತ್ತೆ ತಲೆಗೆ ಹರಿಯುತ್ತದೆ, ಬಹುಮಟ್ಟಿಗೆ ಒಂದೆರಡು ನಿಮಿಷದೊಳಗೇ ಎಚ್ಚರವಾಗುತ್ತದೆ. ಇದಕ್ಕೆ ಮುಖ್ಯವಾಗಿ ಮೂರು ಬಗೆಯ ಕಾರಣಗಳು.

ಮೊದಲನೆಯದು ಎಲ್ಲಕ್ಕಿಂತ ಸಾಮಾನ್ಯ. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಾಗ ಒಂದಿಬ್ಬರು ಬೀಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಸೆಕೆ, ಜನಜಂಗುಳಿ, ಬಹಳ ಹೊತ್ತು ನಿಲ್ಲುವುದು, ಭಯ, ನೋವು, ರಕ್ತ ಕಾಣುವುದು, ಇವುಗಳಿಂದ ನಾಡಿ ನಿಧಾನವಾಗಿ ರಕ್ತದೊತ್ತಡ ಕುಸಿಯುತ್ತದೆ. ಇಂಗ್ಲೆಂಡಿನ ವೈದ್ಯ ಥಾಮಸ್ ಲೂಯಿಸ್ 1932ರಲ್ಲಿ ಇದಕ್ಕೆ ‘ವೇಸೋವೇಗಲ್’ ಎಂಬ ಹೆಸರಿಟ್ಟರು. ಬೀಳುವ ಮುಂಚೆ ಬೆವರು, ಓಕರಿಕೆ, ಕಣ್ಣು ಕತ್ತಲೆ ಬರುತ್ತವೆ. ಇದರಿಂದ ಪ್ರಾಣಕ್ಕೆ ಅಪಾಯ ಕಡಿಮೆ. ಆದರೆ ತಿರುಗುವ ಯಂತ್ರದ ಮೇಲೆ ಬಿದ್ದರೆ ಗತಿಯೇನು, ನೀವೇ ಯೋಚಿಸಿ.

ಎರಡನೆಯದು, ಎದ್ದು ನಿಂತ ಕೂಡಲೆ ರಕ್ತದೊತ್ತಡ ಇಳಿಯುವುದು. ನೀರು ಕುಡಿಯದೆ ದುಡಿದವನಿಗೆ, ಭೇದಿಯಾದವನಿಗೆ, ಒಳಗೆ ರಕ್ತ ಸೋರುತ್ತಿರುವವನಿಗೆ, ಕೆಲವು ಬಿ.ಪಿ. ಮಾತ್ರೆ ನುಂಗುವವನಿಗೆ ಹೀಗಾಗಬಹುದು.

ಮೂರನೆಯದು ಹೃದಯ. ಅದರ ಬಡಿತ ತೀರ ನಿಧಾನವಾಗಬಹುದು, ಹುಚ್ಚು ಕುದುರೆಯಂತೆ ಓಡಬಹುದು, ಕವಾಟ ಕಿರಿದಾಗಿರಬಹುದು. ಇಂಥವನಿಗೆ ಆ ಬವಳಿಯೇ ಮುನ್ಸೂಚನೆ. ಇನ್ನೊಂದು ಸೂಚನೆ ಬರದೆಯೂ ಹೋಗಬಹುದು. ನೋಡುವವರಿಗೆ ಮೂವರೂ ಒಂದೇ ರೀತಿ ಕಾಣುತ್ತಾರೆ. ಆಸ್ಪತ್ರೆಗೆ ಬರುವ ಹೊತ್ತಿಗೆ ಮೂವರೂ ಎದ್ದು ಕುಳಿತು ‘ನನಗೇನೂ ಆಗಿಲ್ಲ’ ಎನ್ನುತ್ತಾರೆ! ಯಾರು ಯಾವ ಬಗೆಯವನೆಂದು ಬೇರ್ಪಡಿಸುವುದೇ ತುರ್ತು ವಿಭಾಗದ ಕೆಲಸ.

ಆದರೆ ನಡೆಯುವುದೇನು? ಬಡವನಾದರೆ ಒಂದು ಬಾಟಲಿ ಗ್ಲೂಕೋಸ್ ಏರಿಸಿ, ‘ನಿಶ್ಶಕ್ತಿ, ಚೆನ್ನಾಗಿ ಊಟ ಮಾಡು’ ಎಂದು ಕಳುಹಿಸುತ್ತಾರೆ. ಕೈಯಲ್ಲಿ ನಾಲ್ಕು ಕಾಸು ಇದ್ದಂತೆ ಕಂಡರೆ ತಲೆಯ ಸ್ಕ್ಯಾನಿಗೆ ಚೀಟಿ ಬರೆಯುತ್ತಾರೆ. ಎಲ್ಲ ಕಡೆಯೂ ಹೀಗೆಂದು ನಾನು ಹೇಳುವುದಿಲ್ಲ. ನಿಷ್ಠೆಯಿಂದ ರಾತ್ರಿಯಿಡೀ ನಿಂತು ನೋಡುವ ವೈದ್ಯರೂ ದಾದಿಯರೂ ಇದ್ದಾರೆ, ಅವರಿಗೆ ನಮಸ್ಕಾರ. ಆದರೆ ಈ ಎರಡೂ ತಪ್ಪುಗಳಿಗೆ ನಮ್ಮ ಜನ ಬೆಲೆ ತೆರುತ್ತಿದ್ದಾರೆ. ಗ್ಲೂಕೋಸಿನ ಬಾಟಲಿ ಹೃದಯದ ಬಡಿತವನ್ನು ಓದಲಾರದು. ತಲೆಗೆ ಪೆಟ್ಟು ಬಿದ್ದಿಲ್ಲ, ಮಾತು ತೊದಲುತ್ತಿಲ್ಲ, ಕೈಕಾಲು ಸೋತಿಲ್ಲ, ವಿಪರೀತ ತಲೆನೋವಿಲ್ಲ ಎಂದಾದರೆ ತಲೆಯ ಸ್ಕ್ಯಾನಿನಿಂದ ಸಿಗುವುದು ಅತ್ಯಲ್ಪ. ಅಮೆರಿಕದ ಹೃದಯತಜ್ಞರ ಸಂಘಗಳು 2017ರಲ್ಲಿ, ಯೂರೋಪಿನವರು 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಗಳಲ್ಲಿ ಮೊದಲ ಸ್ಥಾನ ದುಬಾರಿ ಯಂತ್ರಗಳಿಗಿಲ್ಲ.

ಹಾಗಾದರೆ ಮೊದಲ ಸ್ಥಾನ ಯಾವುದಕ್ಕೆ? ಬೆರಳೆಣಿಕೆಯ ಅಗ್ಗದ ಕೆಲಸಗಳಿಗೆ. ದಯವಿಟ್ಟು ಲೆಕ್ಕ ಇಟ್ಟುಕೊಳ್ಳಿ.

ಒಂದು, ವಿಚಾರಣೆ. ಬಿದ್ದಾಗ ನಿಂತಿದ್ದನೇ, ಮಲಗಿದ್ದನೇ, ಭಾರ ಎತ್ತುತ್ತಿದ್ದನೇ? ಮುಂಚೆ ಬೆವರು ಬಂತೇ, ಎದೆ ಡವಗುಟ್ಟಿತೇ, ಇಲ್ಲವೆ ಏನೂ ತಿಳಿಯದೆ ಬಿದ್ದನೇ? ಮನೆಯಲ್ಲಿ ಎಳೆಯ ಪ್ರಾಯದಲ್ಲಿ ಹಠಾತ್ತನೆ ಸತ್ತವರಿದ್ದಾರೆಯೇ?

ಎರಡು, ರಕ್ತದೊತ್ತಡವನ್ನು ಮಲಗಿಸಿ ನೋಡುವುದು, ಆಮೇಲೆ ನಿಲ್ಲಿಸಿ 3 ನಿಮಿಷದೊಳಗೆ ಮತ್ತೆ ನೋಡುವುದು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಕಾರಣದ ಜಾಡು ಸಿಕ್ಕಂತೆ.

ಮೂರು, ಇ.ಸಿ.ಜಿ. ಎಚ್ಚರ ತಪ್ಪಿ ಬಂದ ಪ್ರತಿಯೊಬ್ಬರಿಗೂ ಇದು ಆಗಲೇಬೇಕು. ಕೆಲವು ನಿಮಿಷಗಳ ಕೆಲಸ, ಒಂದು ತುಂಡು ಕಾಗದ.

ನಾಲ್ಕು, ಬೆರಳು ಚುಚ್ಚಿ ಸಕ್ಕರೆ ನೋಡುವುದು, ರಕ್ತ ಕಡಿಮೆಯಾಗಿದೆಯೇ ಎಂದು ನೋಡುವುದು, ಮಲ ಕಪ್ಪಗೆ ಹೋಗುತ್ತಿದೆಯೇ ಎಂದು ಕೇಳುವುದು. ಹೆಣ್ಣುಮಕ್ಕಳಾದರೆ ಮುಟ್ಟು ನಿಂತಿದೆಯೇ, ಹೊಟ್ಟೆನೋವಿದೆಯೇ ಎಂದು ನಾಚಿಕೆಯಿಲ್ಲದೆ ಕೇಳಬೇಕು. ಗರ್ಭ ಬೇರೆ ಜಾಗದಲ್ಲಿ ನಿಂತು ಒಡೆದರೆ ಗಂಟೆಗಳಲ್ಲಿ ಪ್ರಾಣ ಹೋಗಬಹುದು.

ಐದು, ಅನುಮಾನವಿದ್ದವರನ್ನು ಕೆಲವು ಗಂಟೆ ಹೃದಯದ ಮಾನಿಟರಿನ ಕೆಳಗೆ ಇಟ್ಟುಕೊಳ್ಳುವುದು.

ಎಷ್ಟು ಗಂಟೆ? ಇದಕ್ಕೆ ಕೆನಡಾ ದೇಶದ ಉತ್ತರವಿದೆ. ಒಟ್ಟಾವಾ ನಗರದಲ್ಲಿ ವೆಂಕಟೇಶ್ ತಿರುಜ್ಞಾನಸಂಬಂಧಮೂರ್ತಿ ಎಂಬ, ನಮ್ಮ ನೆರೆನಾಡಿನ ಹೆಸರುಳ್ಳ ವೈದ್ಯರೂ ಅವರ ಸಂಗಡಿಗರೂ ಆರು ತುರ್ತು ವಿಭಾಗಗಳಿಗೆ ಬವಳಿ ಬಂದು ಬಂದ 4,030 ಜನರನ್ನು ಅಭ್ಯಾಸ ಮಾಡಿ 2016ರಲ್ಲಿ ವರದಿ ಕೊಟ್ಟರು. ತುರ್ತು ವಿಭಾಗದ ಕೆಲಸ ಮುಗಿದ ಮೇಲೆ 30 ದಿನದೊಳಗೆ ಗಂಭೀರ ತೊಂದರೆಗೆ ಸಿಕ್ಕವರು 147 ಮಂದಿ, ಅಂದರೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಆ ಕೆಲವರನ್ನು ಹುಡುಕಲು ಅವರು ಅಂಕಗಳ ಪಟ್ಟಿ ಮಾಡಿದರು. ಸೆಕೆಯಲ್ಲಿ, ಗುಂಪಿನಲ್ಲಿ, ಭಯದಿಂದ ಬಿದ್ದಿದ್ದರೆ ಅಂಕ ಕಳೆಯಬೇಕು. ಹೃದ್ರೋಗವಿದ್ದರೆ, ರಕ್ತದೊತ್ತಡದ ಮೇಲಿನ ಅಂಕಿ 90ಕ್ಕಿಂತ ಕೆಳಗೆ ಅಥವಾ 180ಕ್ಕಿಂತ ಮೇಲಿದ್ದರೆ, ಇ.ಸಿ.ಜಿ.ಯಲ್ಲಿ ಕೆಲವು ದೋಷ ಕಂಡರೆ ಕೂಡಬೇಕು. 2019ರಲ್ಲಿ ಅವರೇ 5,581 ಜನರ ಲೆಕ್ಕ ಕೊಟ್ಟರು. ಬಡಿತದ ಗಂಭೀರ ತೊಂದರೆಗಳಲ್ಲಿ ಸುಮಾರು ಅರ್ಧದಷ್ಟು, ಕಡಿಮೆ ಅಪಾಯದವರಲ್ಲಿ 2 ಗಂಟೆಯೊಳಗೆ, ಹೆಚ್ಚು ಅಪಾಯದವರಲ್ಲಿ 6 ಗಂಟೆಯೊಳಗೆ ಗೊತ್ತಾದವು.

ಇದರ ಅರ್ಥ ನೋಡಿ. ಎಲ್ಲರನ್ನೂ ವಾರಗಟ್ಟಲೆ ಮಲಗಿಸಿ ಬಿಲ್ಲು ಬೆಳೆಸಬೇಕಾಗಿಲ್ಲ, ಎಲ್ಲರನ್ನೂ ಅರ್ಧ ಗಂಟೆಯಲ್ಲಿ ಹೊರಗೆ ದಬ್ಬಲೂ ಬಾರದು. ಜೊಳ್ಳು ಕಾಳು ಬೇರ್ಪಡಿಸಲು ಮೊರವಿದೆ, ಅದನ್ನು ಬಳಸಬೇಕು.

ಆಸ್ಪತ್ರೆಗೆ ಒಯ್ಯುವವರ ಹೊಣೆಯನ್ನೂ ಹೇಳುತ್ತೇನೆ. ಬಿದ್ದವನನ್ನು ಎತ್ತಿ ಕೂರಿಸಬೇಡಿ. ಅಂಗಾತ ಮಲಗಿಸಿ, ಕಾಲು ಸ್ವಲ್ಪ ಮೇಲೆತ್ತಿ, ಬಿಗಿದ ಬಟ್ಟೆ ಸಡಿಲಿಸಿ. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು ಹಾಕಬೇಡಿ. ಈರುಳ್ಳಿ ಮೂಸಿಸುವುದರಲ್ಲಿ, ಕೈಗೆ ಕಬ್ಬಿಣ ಕೊಡುವುದರಲ್ಲಿ ಹೊತ್ತು ಕಳೆಯಬೇಡಿ. ಉಸಿರಾಟವೇ ಸರಿಯಾಗಿ ಇಲ್ಲದಿದ್ದರೆ ಅದು ಬವಳಿಯಲ್ಲ, ಹೃದಯ ನಿಂತಿರಬಹುದು. ಒಬ್ಬರು 108ಕ್ಕೆ ಫೋನು ಮಾಡಲಿ, ಇನ್ನೊಬ್ಬರು ಕೂಡಲೇ ಎದೆಯ ನಡುವೆ ಬಲವಾಗಿ, ಬೇಗಬೇಗ ಒತ್ತಲು ತೊಡಗಲಿ. ಮೈ ಕೆಂಡದಂತೆ ಸುಡುತ್ತ ಮಾತು ತಪ್ಪುತ್ತಿದ್ದರೆ ಅದು ಬಿಸಿಲಾಘಾತ. ನೀರು ಸುರಿದು ಗಾಳಿ ಬೀಸಿ ತಣಿಸುತ್ತಲೇ ಒಯ್ಯಿರಿ. ಬಿದ್ದದ್ದನ್ನು ಕಣ್ಣಾರೆ ಕಂಡವನೇ ಆಸ್ಪತ್ರೆಗೆ ಹೋಗಲಿ. ವೈದ್ಯರಿಗೆ ಅವನ ಮಾತು ದೊಡ್ಡ ಸಾಕ್ಷ್ಯ. ರೋಗಿ ನುಂಗುವ ಮಾತ್ರೆಗಳ ಚೀಟಿಯೂ ಜೊತೆಗಿರಲಿ.

ಇನ್ನು ಹಕ್ಕಿನ ಮಾತು. 1992ರ ಜುಲೈ 8ರಂದು ಪಶ್ಚಿಮ ಬಂಗಾಳದ ಮಥುರಾಪುರ ನಿಲ್ದಾಣದಲ್ಲಿ ಒಬ್ಬ ಕೂಲಿಕಾರ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಸರ್ಕಾರಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರೂ ಹಾಸಿಗೆಯಿಲ್ಲ, ಸೌಕರ್ಯವಿಲ್ಲ ಎಂಬ ಉತ್ತರ. ಕೊನೆಗೆ ಕಲ್ಕತ್ತೆಯ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ತೆತ್ತು ಬದುಕಿದ. ಅವನ ಸಂಘವಾದ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ತೀರ್ಪು ಬಂತು: ಸರ್ಕಾರಿ ಆಸ್ಪತ್ರೆ ಸಕಾಲದಲ್ಲಿ ಚಿಕಿತ್ಸೆ ಕೊಡದಿದ್ದರೆ ಅದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ, ಹಣವಿಲ್ಲವೆಂಬ ನೆಪ ಸಲ್ಲದು. ಕೂಲಿಕಾರನಿಗೆ 25,000 ರೂಪಾಯಿ ಪರಿಹಾರವಾಯಿತು. ಒಬ್ಬ ಕೂಲಿಯವನ ನೋವನ್ನು ಸಂಘ ಕೈಗೆತ್ತಿಕೊಂಡದ್ದರಿಂದ ದೇಶಕ್ಕೆಲ್ಲ ಅನ್ವಯಿಸುವ ನ್ಯಾಯ ಸಿಕ್ಕಿತು.

ನಮ್ಮ ರಾಜ್ಯದಲ್ಲಿಯೂ ದಾರಿ ತೆರೆದಿದೆ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಹೃದಯಸ್ತಂಭನದಿಂದ ತೀರಿಕೊಂಡರು. 2023ರಲ್ಲಿ ಅವರ ಹೆಸರಿನಲ್ಲಿ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡುವ ಏರ್ಪಾಡು ಅದು. ಎದೆನೋವಿನವರಿಗೆಂದು ಕಟ್ಟಿದ ಈ ಏರ್ಪಾಡು ಎಚ್ಚರ ತಪ್ಪಿ ಬಂದವರಿಗೂ ತಪ್ಪದೆ ದೊರೆಯಬೇಕೆಂದು ಕೇಳುವುದು ಅತಿಯಾಸೆಯೇ?

ಆದ್ದರಿಂದ ನಮ್ಮ ಬೇಡಿಕೆಗಳನ್ನು ಮುಂದಿಡೋಣ. ಎಚ್ಚರ ತಪ್ಪಿ ಬಂದ ಪ್ರತಿ ರೋಗಿಗೂ ಹಗಲಿರಲಿ, ರಾತ್ರಿಯಿರಲಿ ಇ.ಸಿ.ಜಿ. ಆಗಬೇಕು. ಮಲಗಿಸಿ, ನಿಲ್ಲಿಸಿ ನೋಡಿದ ರಕ್ತದೊತ್ತಡವನ್ನು ಚೀಟಿಯಲ್ಲಿ ಬರೆಯಬೇಕು. ಅನುಮಾನವಿದ್ದವರಿಗೆ ಮಾನಿಟರಿನ ಹಾಸಿಗೆ ಬೇಕು. ಮನೆಗೆ ಕಳುಹಿಸುವಾಗ ಕಾರಣವೇನು, ಮತ್ತೆ ಯಾವಾಗ ಬರಬೇಕು ಎಂಬುದನ್ನು ಕನ್ನಡದಲ್ಲಿ ಬರೆದು ಕೊಡಬೇಕು, ಇ.ಸಿ.ಜಿ.ಯ ಪ್ರತಿಯೂ ಕೈಗೆ ಬರಬೇಕು. ಗಿರಣಿಯಲ್ಲಿ ಗಾಳಿ, ಕುಡಿಯುವ ನೀರು, ಕುಳಿತುಕೊಳ್ಳಲು ಬಿಡುವು ಬೇಕು. ಸೆಕೆಯಿಂದ ಬೀಳುವವರನ್ನು ತಡೆಯುವ ಔಷಧ ಅಲ್ಲಿಯೇ ಇದೆ.

ಈ ಬೇಡಿಕೆಗಳನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದೇನೆ. ಗಿರಣಿಯವರೂ ಅಂಗಡಿಯವರೂ ಓದಿ, ಒಪ್ಪಿಗೆಯಾದರೆ ರುಜು ಹಾಕಿ. ಜಿಲ್ಲಾ ಆಸ್ಪತ್ರೆಯ ಮೇಲಧಿಕಾರಿಗಳ ಬಳಿಗೆ ಎಲ್ಲರೂ ಒಟ್ಟಾಗಿ ಹೋಗೋಣ.