ಹಳೆಯ ಉಕ್ಕಿನ ಸೈಕಲ್ಲು



1997ರವರೆಗೆ ಒಂದೇ ಜಿಲ್ಲೆಯಾಗಿದ್ದ ವಿಜಯಪುರ-ಬಾಗಲಕೋಟೆಯ ಸೀಮೆ ನಾಡಿಗೆ ಅನೇಕ ಸೈಕಲ್ ಪಟುಗಳನ್ನು ಕೊಟ್ಟದ್ದು. ಅಂಥವರೊಬ್ಬರು ಬಳಸಿ ಬಿಟ್ಟ ಉಕ್ಕಿನ ಓಟದ ಸೈಕಲ್ಲನ್ನು ನಿವೃತ್ತಿಯ ತರುವಾಯ ನಾನು ಬಾಗಲಕೋಟೆಯಲ್ಲಿ ಕೊಂಡೆ. ಕೊಳ್ಳುವಾಗ ಬಣ್ಣಕ್ಕೆ ಮರುಳಾದೆ, ಕೊಂಡ ಮೇಲೆ ಗೇರಿಗೆ ಹಣ ಸುರಿದೆ, ಬ್ರೇಕನ್ನು ಮರೆತೆ.

ಬಾದಾಮಿಯ ದಾರಿಯ ಇಳಿಜಾರಿನಲ್ಲಿ ಒಂದು ದಿನ ಮಳೆ ಹಿಡಿಯಿತು. ನೆನೆದ ಉಕ್ಕಿನ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಜಾರುತ್ತದೆ. ಎರಡೂ ಕೈಯಿಂದ ಅದುಮಿದರೂ ಗಾಡಿ ನಿಲ್ಲಲೊಲ್ಲದು. ಎದುರಿಗೆ ಕುರಿಹಿಂಡು, ಅದರ ಹಿಂದೆ ಪುಟ್ಟ ಹುಡುಗ. ಜಾಲಿಯ ಪೊದೆಗೆ ನುಗ್ಗಿದೆ. ಮೈ ಹರಿಯಿತು, ಹುಡುಗ ಉಳಿದ.

ಅಂದು ಕಲಿತ ಕ್ರಮವಿದು. ಕೊಳ್ಳುವ ಮೊದಲು ಚೌಕಟ್ಟನ್ನು ನೋಡಬೇಕು: ಕೊಳವೆಗಳು ಕೂಡುವಲ್ಲಿ ಬಿರುಕುಂಟೇ, ಸೀಟಿನ ಕಂಬ ತುಕ್ಕಿಗೆ ಸಿಕ್ಕಿಕೊಂಡಿದೆಯೇ? ಕೊಂಡೊಡನೆ ಅಲ್ಯೂಮಿನಿಯಂ ರಿಮ್ಮು, ಹೊಸ ಬ್ರೇಕು ರಬ್ಬರು. ಅನಂತರ ಸರಪಳಿ: ಹೊಸದರಲ್ಲಿ 24 ಕೊಂಡಿಗಳ ಉದ್ದ 12 ಅಂಗುಲ, ಅದು ಅಂಗುಲದ ಹದಿನಾರನೆಯ ಒಂದು ಭಾಗ ಹೆಚ್ಚಿದ್ದರೆ ಬದಲಿಸತಕ್ಕದ್ದು. ಗೇರು ಕಟ್ಟಕಡೆಗೆ.

ಮೊನ್ನೆ ಹುನಗುಂದದ ಮೇಲಿಂದ ಇಳಕಲ್ಲಿಗೆ ಹೋದಾಗ, ನೇಕಾರರು ಸೀರೆಯ ಒಡಲ ನೂಲಿಗೆ ಸೆರಗಿನ ನೂಲನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದನ್ನು ನೋಡುತ್ತ ಕುಳಿತೆ. ಕೊಂಡಿ ಸಡಿಲವಾದರೆ ಸೆರಗಿನ ಚೆಲುವಿಂದ ಫಲವೇನು? ಹಳತಿಗೆ ಹೊಸತನ್ನು ಕೂಡಿಸುವ ವಿದ್ಯೆಯನ್ನು ಅವರು ಬಲ್ಲರು. ನನಗದು ತಡವಾಗಿ ತಿಳಿಯಿತು.

ಈಗಲೂ ಆ ಇಳಿಜಾರಿನಲ್ಲಿ ಕುರಿಗಳು ಕಂಡರೆ ಸೈಕಲ್ಲಿನಿಂದ ಇಳಿದೇ ನಡೆಯುತ್ತೇನೆ.