ತಲೆಗೆ ಸ್ನಾನ, ಫಿಟ್ಸ್ ಮತ್ತು ನಮ್ಮ ಬಚ್ಚಲುಮನೆ

ಇವತ್ತು ನಮ್ಮ ಮನೆಯದೇ ಒಂದು ವಿಷಯ. ಹೇಳೋಕೆ ತಮ್ಮ ಒಪ್ಪಿದ್ದಾನೆ, ಹೆಸರು ಮಾತ್ರ ಬೇಡ ಅಂದಿದ್ದಾನೆ.

ನಮ್ಮೂರು ಮಳವಳ್ಳಿ ಪಕ್ಕ. ದೀಪಾವಳಿಯ ನೀರು ತುಂಬೋ ಹಬ್ಬ ಅಂದ್ರೆ ಹಂಡೆ ತೊಳೆದು ನೀರು ತುಂಬಿಸಿ, ಬೆಳಗಿನ ಜಾವ ಎಣ್ಣೆ ಸ್ನಾನ. ಅವನಿಗಾಗ ಏಳು ವರ್ಷ. ನೀರು ಹುಯ್ಯೋ ಕೆಲಸ ನನ್ನದು. ಹಬೆಯಾಡೋ ನೀರನ್ನ ಚೆಂಬಿನ ಮೇಲೆ ಚೆಂಬು, ಉಸಿರು ಬಿಡೋಕೂ ಪುರಸೊತ್ತು ಕೊಡದಂಗೆ ತಲೆಗೆ ಸುರಿದೆ. ಐದಾರು ಚೆಂಬು ಆಗಿರಬೇಕು, ಅವನು ಸುಮ್ಮನಾದ. ಕಣ್ಣು ಎಲ್ಲೋ ನೆಟ್ಟಿತ್ತು. ಏನೋ ತೊದಲಿದ, ಆಮೇಲೆ ಕೈಕಾಲು ಸೆಟೆದುಕೊಂಡು ಬಿದ್ದ.

ಅಜ್ಜಿ ಕೈಗೆ ಕಬ್ಬಿಣ ಕೊಟ್ರು. ಯಾರೋ ಗಾಳಿ ಅಂದ್ರು, ತಾಯಿತ ಬಂತು. ಮಂಡ್ಯದಲ್ಲಿ ಒಬ್ಬ ಡಾಕ್ಟ್ರು ಜ್ವರದ ಫಿಟ್ಸ್ ಇರಬೇಕು ಅಂತ ಕಳಿಸಿದ್ರು. ಸ್ನಾನದ ವಿಷಯ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ನಾನಂತೂ ಬಾಯೇ ಬಿಡಲಿಲ್ಲ. ನನ್ನಿಂದಲೇ ಆಯ್ತು ಅನ್ನೋ ಭಯ. ಮತ್ತೆರಡು ಸಲ ಬಂತು, ಎರಡೂ ತಲೆಗೆ ನೀರು ಹುಯ್ದಾಗಲೇ. ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ವೈದ್ಯೆ ಕೇಳಿದ ಮೊದಲ ಪ್ರಶ್ನೆ: "ನೀರು ಎಷ್ಟು ಬಿಸಿ ಇತ್ತು?"

ಇದಕ್ಕೆ ಹೆಸರಿದೆ, ಹಾಟ್ ವಾಟರ್ ಎಪಿಲೆಪ್ಸಿ. ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂತು. ಆದರೆ ಅತಿ ಹೆಚ್ಚು ಕಂಡಿರೋದು ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಹಳೇ ಮೈಸೂರು ಸೀಮೆಯಲ್ಲಿ. ಬೆಂಗಳೂರಿನ ನರರೋಗ ತಜ್ಞ ಕೆ.ಎಸ್. ಮಣಿ 1960ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದರು. ಅವರ ತಂಡ ಯಳಂದೂರಿನಲ್ಲಿ ಮನೆಮನೆ ಸಮೀಕ್ಷೆ ಮಾಡಿತು. ಯಳಂದೂರು ನಮಗೆ ದೂರವೇನಲ್ಲ, ಕಾವೇರಿ ದಾಟಿ ಕೊಳ್ಳೇಗಾಲದ ಪಕ್ಕ. ಅಲ್ಲಿ ಅಪಸ್ಮಾರ ಇದ್ದವರಲ್ಲಿ ಸುಮಾರು ಶೇ 7ರಷ್ಟು ಜನಕ್ಕೆ ಇದೇ ಬಗೆಯದು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ತಂಡ 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿತು. ಗಂಡುಮಕ್ಕಳೇ ಜಾಸ್ತಿ. 40ರಿಂದ 50 ಡಿಗ್ರಿ ಬಿಸಿಯ ನೀರು ಬೇಗಬೇಗ ತಲೆಗೆ ಬಿದ್ದಾಗ ಫಿಟ್ಸ್. ಅಂದ್ರೆ ಥೇಟ್ ನಮ್ಮ ಬಚ್ಚಲು!

ಇಲಿಗಳ ಮೇಲೂ ಪ್ರಯೋಗ ಮಾಡಿದ್ದಾರೆ. ಬಿಸಿನೀರಿನಿಂದ ಪದೇ ಪದೇ ಫಿಟ್ಸ್ ಬರಿಸಿದಾಗ ಆಮೇಲಾಮೇಲೆ ಅದು ಇನ್ನೂ ಸುಲಭವಾಗಿ ಬಂತು. ಅದಕ್ಕೇ "ಇನ್ನೊಂದು ಸಲ ಬಂದ್ರೆ ನೋಡೋಣ" ಅನ್ನೋ ಮಾತು ನನಗೆ ಈಗ ಕೇಳೋಕಾಗಲ್ಲ.

ಮನೆಯಲ್ಲಿ ಬೇರೆ ಯಾರಿಗಾದ್ರೂ ಇದೆಯಾ ಅಂತಲೂ ಆ ವೈದ್ಯೆ ಕೇಳಿದ್ರು. ಇಲ್ಲ ಅಂದ್ವಿ. ವಾರದ ಮೇಲೆ ಮದ್ದೂರಿಂದ ಸೋದರತ್ತೆ ಫೋನ್ ಮಾಡಿ, "ನನಗೂ ಚಿಕ್ಕಂದಿನಲ್ಲಿ ಹಿಂಗೇ ಆಗ್ತಿತ್ತು ಕಣವ್ವ" ಅಂದ್ರು. ಮದುವೆಯಾದಾಗಿಂದ ಅವರದು ತಣ್ಣೀರ ಸ್ನಾನ. ಮಾರ್ಗಶಿರದ ಚಳಿಯಲ್ಲೂ. ಕೇಳಿದವರಿಗೆ ಹರಕೆ ಅನ್ನೋರು. ಗಂಡನಿಗೂ ಗೊತ್ತಿಲ್ಲ.

ಇದು ಕೆಲವು ಮನೆತನಗಳಲ್ಲಿ ಹರಿದು ಬರುತ್ತೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಅನುರಂಜನ್ ಆನಂದ್ ತಂಡ, ನಿಮ್ಹಾನ್ಸ್ ಜೊತೆ ಸೇರಿ, ಅಂಥ ಕುಟುಂಬಗಳನ್ನ ಹುಡುಕಿ ಅಧ್ಯಯನ ಮಾಡಿತು. 2017ರಲ್ಲಿ ಕೆಲವು ರೋಗಿಗಳ ಎಸ್‌ಎಲ್‌ಸಿ1ಎ1 ಅನ್ನೋ ಜೀನಿನಲ್ಲಿ ಅಪರೂಪದ ಬದಲಾವಣೆ ಕಂಡಿದ್ದಾಗಿ ವರದಿ ಮಾಡಿತು. ಮಿದುಳನ್ನ ಕೆರಳಿಸೋ ಗ್ಲುಟಮೇಟ್ ಅನ್ನು ನರಕೋಶದೊಳಗೆ ವಾಪಸ್ ಎಳೆಯೋ ಪಂಪಿಗೆ ಸಂಬಂಧಿಸಿದ ಜೀನು ಅದು. ಓದಿದಾಗ ನನಗೆ ಅನಿಸಿದ್ದು ಇಷ್ಟೇ: ತಪ್ಪೆಲ್ಲ ಚೆಂಬಿನದಲ್ಲ, ಅದನ್ನ ಹಿಡಿದ ಕೈಯದೂ ಅಲ್ಲ.

ಚಿಕಿತ್ಸೆ? ಉಗುರುಬೆಚ್ಚಗಿನ ನೀರು, ನಿಧಾನಕ್ಕೆ. ಅಷ್ಟಕ್ಕೇ ಬಹಳ ಜನಕ್ಕೆ ನಿಲ್ಲುತ್ತೆ. ಬೇಕಾದವರಿಗೆ ಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮುಂಚೆ ಕ್ಲೋಬಜಾಮ್ ಮಾತ್ರೆ ಕೊಡ್ತಾರೆ, ಅದು ಡಾಕ್ಟ್ರು ಬರೆದ್ರೆ ಮಾತ್ರ. ಕೆಲವರಿಗೆ ಮುಂದೆ ಸ್ನಾನವಿಲ್ಲದೆಯೂ ಫಿಟ್ಸ್ ಬರಬಹುದು, ಆಗ ದಿನವೂ ಮಾತ್ರೆ ಬೇಕಾಗುತ್ತೆ. ಬಚ್ಚಲಿನ ಚಿಲಕ ಹಾಕಿಕೊಳ್ಳೋದು ಬೇಡ. ಬಿದ್ದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಐದು ನಿಮಿಷ ದಾಟಿದ್ರೆ ಆಸ್ಪತ್ರೆಗೆ ಓಡಿ. ಇನ್ನೊಂದು, ಸಾಮಾನ್ಯವಾಗಿ ಈ ಮಕ್ಕಳ ಬುದ್ಧಿ, ಮಾತು, ಓದಿಗೆ ಏನೂ ಆಗಿರಲ್ಲ. ತಮ್ಮನನ್ನ ಶಾಲೆಯಲ್ಲಿ ಒಂದು ವರ್ಷ ಮೂಲೆಯಲ್ಲಿ ಕೂರಿಸಿದ್ರು, ಸುಮ್ಮನೆ.

ಹೋದ ದೀಪಾವಳಿಗೆ ಊರಿಗೆ ಬಂದಿದ್ದ. ಈಗ ನನಗಿಂತ ಎತ್ತರ. ಮದ್ದೂರಿನ ಅತ್ತೆಯೂ ಬಂದಿದ್ರು. ಹಂಡೆಯ ನೀರು ಬಕೆಟ್ಟಿಗೆ ತೋಡಿದೆ. ಅವನು ಬೆರಳು ಅದ್ದಿ ನೋಡಿ, "ಇನ್ನೆರಡು ಚೆಂಬು ತಣ್ಣೀರು ಬೆರೆಸಕ್ಕ, ಅತ್ತೆಗೂ ಇದೇ ಹದ ಇರಲಿ" ಅಂದ.